ಎರಡು ಗೀಟು, ಒಂದು ಚುಕ್ಕಿ

"ಅಣ್ಣಾ, ಅಜ್ಜಿ ಒರಳು ಕಲ್ಲಿನ ಬಗ್ಗೆ ಬರೆದಿದ್ಯಲ್ಲ, ಆ ಲಿಂಕ್ ಒತ್ತಿದ್ರೆ ಬಸ್ಸಿನ ಕಥೆ ಬರ್ತಿದೆ. ಅದನ್ನ ತೆಗೆದುಬಿಟ್ಯಾ?"

ತಂಗಿ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. 2018ರ ಆಷಾಢ. ಊರಲ್ಲಿ ಜಡಿಮಳೆ, ಅವಳ ದನಿ ನಡುನಡುವೆ ಕಡಿದು ಹೋಗುತ್ತಿತ್ತು. ಆಗ ನನ್ನ ಬ್ಲಾಗಿಗಿದ್ದ ಓದುಗರು ನಾಲ್ಕೋ ಐದೋ ಜನ. ಹಾಕಿದ್ದನ್ನೆಲ್ಲ ಬಿಡದೆ ಓದುತ್ತಿದ್ದವಳು ಇವಳೊಬ್ಬಳೇ. ತೆಗೆದಿಲ್ಲ ಮಾರಾಯ್ತಿ ಅಂದೆ. "ಹಂಗಾದ್ರೆ ಇನ್ನೊಂದು ಕೇಳು. ಹಲಸಿನ ಹಣ್ಣಿಂದು ಒತ್ತಿದ್ರೆ ಫರ್ಬಿಡನ್ ಅಂತಿದೆ. ಅದ್ರಲ್ಲಿ ಅಂಥದ್ದೇನು ಬರೆದಿದ್ದೆ?"

ರೆಡಿಮೇಡ್ ಬ್ಲಾಗ್ ತಾಣವನ್ನು ಬಿಟ್ಟು, ಕಮಾಂಡು ಟೈಪ್ ಮಾಡುವ ಕಪ್ಪು ಪರದೆಯಿಂದಲೇ (ಇದನ್ನೇ ಟರ್ಮಿನಲ್, ಕಮಾಂಡ್ ಲೈನ್ ಅನ್ನುವುದು) ಬ್ಲಾಗ್ ನಡೆಸುತ್ತೇನೆ ಎಂದು ಹೊರಟು ಆಗಷ್ಟೇ ಮೂರು ವಾರವಾಗಿತ್ತು. ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯುವುದು; ನಾನೇ ಬರೆದ ನಲವತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡುಗಳ ಪಟ್ಟಿ, ಅದನ್ನು ಎಚ್‌ಟಿಎಂಎಲ್ ಮಾಡುವುದು; ಆರ್‌ಸಿಂಕ್ ಅದನ್ನು ಸರ್ವರಿಗೆ ಸಾಗಿಸುವುದು. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ, ಪುಟದ ಪಕ್ಕದಲ್ಲಿ ಮಿಣಮಿಣ ಅನ್ನುವ ಜಾಹೀರಾತಿಲ್ಲ. ಸುಬ್ಬಕ್ಕನ ಅಂಗಡಿಯ ಗಾಜಿನ ಭರಣಿಯ ಹಾಗೆ, ಒಳಗೇನಿದೆ ಎಂದು ಹೊರಗಿಂದಲೇ ಕಾಣಬೇಕು ಎಂಬ ಆಸೆ. ಆಫೀಸಿನಲ್ಲಿ ದಿನಕ್ಕೆ ಎಂಟು ತಾಸು ಇದೇ ಟರ್ಮಿನಲ್ ಮುಂದೆ ಕೂರುವ ನನಗೆ ಇದರಲ್ಲಿ ಕಷ್ಟವೇನಿದೆ ಎಂಬ ಜಂಬವೂ ಇತ್ತು.

ಬರಹಗಳ ಫೋಲ್ಡರಿಗೆ ಹೋಗಿ, ಫೈಲುಗಳ ಪಟ್ಟಿ ತೋರಿಸುವ ಕಮಾಂಡು ಎಲ್‌ಎಸ್ ಹೊಡೆದೆ. ಆರು ಬರಹ ಇರಬೇಕಾದ ಕಡೆ ಕಂಡದ್ದು ನಾಲ್ಕೇ ಹೆಸರು. ಅವನ್ನು ಹೆಸರು ಅನ್ನುವುದೂ ಕಷ್ಟ. ಒಂದು ಗೀಟು, ಚುಕ್ಕಿ, ಎಚ್‌ಟಿಎಂಎಲ್. ಎರಡು ಗೀಟು, ಚುಕ್ಕಿ, ಎಚ್‌ಟಿಎಂಎಲ್. ಮೂರು ಗೀಟು, ಚುಕ್ಕಿ, ಎಚ್‌ಟಿಎಂಎಲ್. ನಾಲ್ಕನೆಯದು ಮಾತ್ರ ‘1994-’ ಎಂದು ಶುರುವಾಗಿತ್ತು. ಅದು ‘1994ರ ದೀಪಾವಳಿ’ ಎಂಬ ಬರಹ.

ಅರ್ಥವಾಗಲು ಹತ್ತು ನಿಮಿಷ ಬೇಕಾಯಿತು. ಶೀರ್ಷಿಕೆಯಿಂದ ಫೈಲಿನ ಹೆಸರು ಹುಟ್ಟಿಸುವ ಒಂದು ಸಾಲನ್ನು ನಾನು ಎಲ್ಲೋ ಇಂಗ್ಲಿಷ್ ಪಾಠವೊಂದರಿಂದ ಎತ್ತಿಕೊಂಡಿದ್ದೆ. ಪದಗಳ ನಡುವಿನ ಖಾಲಿ ಜಾಗವನ್ನೆಲ್ಲ ಗೀಟು ಮಾಡು. ಆಮೇಲೆ ಸಣ್ಣಕ್ಷರ, ಅಂಕಿ, ಗೀಟು ಬಿಟ್ಟು ಉಳಿದ ಕಸವನ್ನೆಲ್ಲ ಎಸೆ. ಕೆಲಸ ಮಾಡುವುದು ‘ಟಿಆರ್’ ಎಂಬ ಹಳೇ ಕಮಾಂಡು. ಲಿನಕ್ಸಿನಲ್ಲಿ ಬರುವ ಗ್ನೂ ಟಿಆರ್‌ಗೆ ಅಕ್ಷರ ಗೊತ್ತಿಲ್ಲ, ಕಂಪ್ಯೂಟರು ಅಕ್ಷರವನ್ನು ಒಡೆದು ಇಡುವ ಬೈಟೆಂಬ ತುಂಡು ಮಾತ್ರ ಗೊತ್ತು. ಅದರ ಕಣ್ಣಿಗೆ ಕನ್ನಡವೆಲ್ಲ ಕಸವೇ. ‘ಅಜ್ಜಿಯ ಒರಳು ಕಲ್ಲು’ ಎಂಬುದರಲ್ಲಿ ಅಜ್ಜಿಯೂ ಹೋದಳು, ಒರಳೂ ಹೋಯಿತು, ಕಲ್ಲೂ ಹೋಯಿತು, ಅವುಗಳ ನಡುವಿನ ಎರಡು ಗೀಟು ಉಳಿಯಿತು. ಎರಡು ವಾರದ ಮೇಲೆ ಬರೆದ ‘ಸಾಗರದ ಕೊನೆ ಬಸ್ಸು’ ಕೂಡ ಮೂರೇ ಪದ. ಅದೂ ಎರಡು ಗೀಟಾಗಿ ಬಂದು ಅಜ್ಜಿಯ ಮೇಲೆ ಹತ್ತಿ ಕೂತಿತು. ಅಲ್ಲಿಯವರೆಗೆ ಎಲ್ಲ ಸರಿಯಿದ್ದದ್ದು ಶೀರ್ಷಿಕೆಗಳ ಪದಸಂಖ್ಯೆ ಬೇರೆಬೇರೆ ಇತ್ತೆಂಬ ಒಂದೇ ಅದೃಷ್ಟದಿಂದ.

ಇನ್ನು ಹಲಸು. ಅದರ ಶೀರ್ಷಿಕೆ ‘ಹಲಸು’, ಅಷ್ಟೇ. ಗೀಟಿಗೂ ಗತಿಯಿಲ್ಲದೆ ಬರೀ ಚುಕ್ಕಿ-ಎಚ್‌ಟಿಎಂಎಲ್ ಆಗಿತ್ತು. ಚುಕ್ಕಿಯಿಂದ ಶುರುವಾಗುವ ಫೈಲನ್ನು ಎಲ್‌ಎಸ್ ತೋರಿಸುವುದಿಲ್ಲ, ಅದು ಅಡಗಿಸಿಟ್ಟ ಫೈಲೆಂದು ಲೆಕ್ಕ. ಅದರ ಮೇಲೆ ಅಪಾಚೆ ಸರ್ವರಿನಲ್ಲಿ ‘ಚುಕ್ಕಿ ಎಚ್ ಟಿ’ ಎಂದು ಶುರುವಾಗುವ ಯಾವುದನ್ನೂ ಹೊರಗಿನವರಿಗೆ ಕೊಡಬಾರದೆಂದು ಮೊದಲಿಂದಲೇ ನಿಯಮ ಬರೆದಿರುತ್ತದೆ. ಪಾಸ್‌ವರ್ಡ್, ಪರವಾನಗಿ ಇತ್ಯಾದಿ ಇಡುವ ಫೈಲುಗಳ ಹೆಸರು ಹಾಗೆ ಶುರುವಾಗುತ್ತದೆ, ಅದಕ್ಕೆ. ನಮ್ಮ ಹಿತ್ತಲ ಹಲಸಿನ ಮರ ಆ ಸಾಲಿಗೆ ಸೇರಿ ಕಾವಲಿನೊಳಗೆ ಹೋಗಿತ್ತು. ತಪ್ಪು ಫೈಲನ್ನು ಅಳಿಸೋಣ ಎಂದರೆ ಅದಕ್ಕೂ ತಕರಾರು. ಎರಡು ಗೀಟಿನಿಂದ ಶುರುವಾದದ್ದನ್ನು ಆರ್‌ಎಂ ಕಮಾಂಡು ಫೈಲಿನ ಹೆಸರೆಂದು ಒಪ್ಪುವುದಿಲ್ಲ, ‘ಇಂಥ ಆಪ್ಷನ್ ನನ್ನಲ್ಲಿಲ್ಲ’ ಎನ್ನುತ್ತದೆ. ಹೆಸರಿಗೆ ಮೊದಲು ಚುಕ್ಕಿ, ಓರೆಗೀಟು ಹಾಕಿ, ಈ ಫೋಲ್ಡರಿನಲ್ಲಿರುವ ಈ ಫೈಲು ಎಂದು ಕೈಹಿಡಿದು ತೋರಿಸಬೇಕು.

ನಷ್ಟವೇನೂ ಆಗಲಿಲ್ಲ ಎನ್ನಿ. ನಾನು ಬರೆದ ಮೂಲ ಟೆಕ್ಸ್ಟ್ ಫೈಲುಗಳು ಬೇರೆ ಫೋಲ್ಡರಿನಲ್ಲಿ, ನಾನೇ ಕೈಯಾರೆ ಕೊಟ್ಟ ಹೆಸರಿನಲ್ಲಿ ಹಾಗೇ ಇದ್ದವು. ಸ್ಕ್ರಿಪ್ಟ್ ತಿದ್ದಿ ಮತ್ತೆ ಓಡಿಸಿದೆ, ಅಜ್ಜಿ ಎದ್ದು ಬಂದಳು. ಹನ್ನೊಂದೂವರೆಗೆ ತಂಗಿಗೆ ಮೆಸೇಜ್ ಹಾಕಿದೆ. ಅವಳು ಮಲಗಿದ್ದಳು.

ಯಾರಿಗೆ ಸಾದಾ?

ಆ ರಾತ್ರಿಯಿಂದ ಒಂದು ಪ್ರಶ್ನೆ ಹಿಂದೆ ಬಿದ್ದಿದೆ. ಕಮಾಂಡ್ ಲೈನಿನಿಂದ ಬ್ಲಾಗ್ ಬರೆಯುವವರೆಲ್ಲ ಜಪಿಸುವ ಮಂತ್ರ ‘ಪ್ಲೇನ್ ಟೆಕ್ಸ್ಟ್’, ಅಂದರೆ ಸಾದಾ ಪಠ್ಯ. ಇದಕ್ಕೆ ಹಳೆಯ ಪರಂಪರೆಯೇ ಇದೆ. ಈ ಶತಮಾನದ ಆರಂಭದಲ್ಲೇ ಬ್ಲಾಸಮ್ ಎಂಬ ಒಂದೇ ಒಂದು ಪರ್ಲ್ ಸ್ಕ್ರಿಪ್ಟು ಫೋಲ್ಡರಿನಲ್ಲಿರುವ ಟೆಕ್ಸ್ಟ್ ಫೈಲುಗಳನ್ನು ಬ್ಲಾಗ್ ಮಾಡಿ ತೋರಿಸುತ್ತಿತ್ತು. 2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ತಂದರು. ಈಮೇಲಿನಲ್ಲಿ ಜನ ಹೇಗೂ ಒತ್ತು ಕೊಡಲು ನಕ್ಷತ್ರ, ಪಟ್ಟಿ ಮಾಡಲು ಗೀಟು ಬಳಸುತ್ತಿದ್ದರಲ್ಲ, ಅದನ್ನೇ ಕ್ರಮಕ್ಕೆ ತಂದದ್ದು. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಬರೆದರು, ಅದೂ ಟೆಕ್ಸ್ಟ್ ಫೈಲಿನಿಂದ ಬ್ಲಾಗ್ ಕಟ್ಟುವ ಪ್ರೋಗ್ರಾಮು. ಅಲ್ಲಿಂದ ಈಚೆಗೆ ಇಂಥವು ಎಷ್ಟು ಬಂದಿವೆಯೆಂದರೆ, ಬ್ಲಾಗ್ ಬರೆಯುವ ಪ್ರೋಗ್ರಾಮರುಗಳಿಗಿಂತ ಬ್ಲಾಗ್ ಕಟ್ಟುವ ಪ್ರೋಗ್ರಾಮುಗಳೇ ಹೆಚ್ಚಿರಬಹುದೇನೋ ಎಂದು ನನಗೆ ಅನುಮಾನ. ಎಲ್ಲರ ವಾದವೂ ಒಂದೇ: ಸಾದಾ ಪಠ್ಯ ಸಾಯುವುದಿಲ್ಲ, ಯಾವ ಯಂತ್ರದಲ್ಲೂ ತೆರೆಯುತ್ತದೆ, ಐವತ್ತು ವರ್ಷ ಕಳೆದರೂ ಓದಬಹುದು.

ಸರಿಯೇ. ಆದರೆ ಆ ‘ಸಾದಾ’ ಎಂಬುದು ಯಾರ ಮನೆಯ ಸಾದಾ? ಇಂಗ್ಲಿಷಿನವರಿಗೆ ಅದು 1960ರ ದಶಕದಿಂದ ಇರುವ ಆಸ್ಕಿ ಎಂಬ ಅಕ್ಷರಪಟ್ಟಿ. 128 ಗುರುತು, ಮುಗಿಯಿತು. ನಮ್ಮದನ್ನು ಅಳೆದು ನೋಡಿ. ‘ಕನ್ನಡ’ ಎಂದು ಬರೆದು ಡಬ್ಲ್ಯುಸಿ ಕಮಾಂಡಿಗೆ ಕೊಟ್ಟು ಎಷ್ಟು ಬೈಟು ಎಂದು ಕೇಳಿದರೆ 15 ಎನ್ನುತ್ತದೆ. ಎಷ್ಟು ಅಕ್ಷರ ಎಂದರೆ 5 ಎನ್ನುತ್ತದೆ: ಕ, ನ, ಹಲಂತದ ಗುರುತು, ಮತ್ತೊಂದು ನ, ಡ. ಒಂದನೇ ತರಗತಿಯ ಮಗುವನ್ನು ಕೇಳಿದರೆ ಮೂರು. ಈ ಮೂರರಲ್ಲಿ ಸರಿಯುತ್ತರ ಯಾವುದು? ಮಗುವಿನದು ಎನ್ನುವ ಪಕ್ಷ ನನ್ನದು. ಆದರೆ ಸ್ಕ್ರಿಪ್ಟ್ ಬರೆಯುವಾಗ ಮೂರೂ ಉತ್ತರಗಳನ್ನು ತಲೆಯಲ್ಲಿ ಇಟ್ಟುಕೊಂಡಿರಬೇಕು, ಇಲ್ಲವಾದರೆ ಅಜ್ಜಿಯ ಮೇಲೆ ಬಸ್ಸು ಹತ್ತುತ್ತದೆ.

ಹಾಗಾದರೆ ಫೈಲಿಗೆ ಕನ್ನಡದಲ್ಲೇ ಹೆಸರಿಟ್ಟರೆ? ಲಿನಕ್ಸ್ ಬೇಡ ಅನ್ನುವುದಿಲ್ಲ. ಹೆಸರು 255 ಬೈಟ್ ಮೀರಬಾರದು, ಅಷ್ಟೆ. ನಮ್ಮ ಲೆಕ್ಕದಲ್ಲಿ 85 ಚಿಹ್ನೆ. ಕಷ್ಟ ಬರುವುದು ವಿಳಾಸವಾದಾಗ. ವೆಬ್ ವಿಳಾಸದಲ್ಲಿ ಪ್ರತಿ ಬೈಟೂ ಒಂದು ಶೇಕಡಾ ಗುರುತು, ಅದರ ಬೆನ್ನಿಗೆ ಎರಡು ಅಂಕಿ-ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ಕನ್ನಡ’ ಎಂಬುದೊಂದೇ 45 ಚಿಹ್ನೆಯಾಗಿ ಹರಡಿಕೊಳ್ಳುತ್ತದೆ. ಅಂಥ ಲಿಂಕನ್ನು ಅಮ್ಮನ ವಾಟ್ಸಾಪಿಗೆ ಕಳಿಸಿ ನೋಡಿದೆ. "ಏನೋ ಇದು, ವೈರಸ್ಸಾ?" ಎಂದು ಕೇಳಿದಳು. ಆಮೇಲೆ ಹೆಸರಿನ ಗೊಡವೆಯೇ ಬೇಡವೆಂದು ತಾರೀಕನ್ನೇ ಹೆಸರು ಮಾಡಿದೆ. ಇವತ್ತಿಗೂ ನನ್ನ ಬರಹಗಳ ಫೈಲುಗಳು ಜಾತಕದ ಹಾಗೆ ವರ್ಷ, ತಿಂಗಳು, ದಿನದಿಂದ ಗುರುತು ಹೇಳುತ್ತವೆ. ಒಂದೇ ದಿನ ಎರಡು ಬರಹ ಹಾಕಿದರೆ ಏನು ಗತಿ ಎಂದು ಗೆಳೆಯನೊಬ್ಬ ಕೇಳಿದ. ಅಂಥ ದಿನ ಇನ್ನೂ ಬಂದಿಲ್ಲ.

ಮಾವನ ಸಿ.ಡಿ.

ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ಈ ಶತಮಾನದ ಮೊದಲ ಐದಾರು ವರ್ಷ ಊರ ಕಡೆಯ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದರು. ಕೈಯಲ್ಲಿ ಬರೆದು ಡಿಟಿಪಿ ಅಂಗಡಿಗೆ ಕೊಡುವುದು, ಅಲ್ಲಿಯ ಹುಡುಗ ಟೈಪ್ ಮಾಡಿ ಪುಟಕ್ಕೆ ಕೂರಿಸುವುದು. ಪತ್ರಿಕೆ ನಿಂತಿತು, ಅಂಗಡಿಯೂ ಮುಚ್ಚಿತು. ಮುಚ್ಚುವಾಗ ಆ ಹುಡುಗ ಮರ್ಯಾದೆಯಿಂದ ಮಾವನ ಬರಹಗಳನ್ನೆಲ್ಲ ಒಂದು ಸಿ.ಡಿ.ಗೆ ಹಾಕಿ ಕೊಟ್ಟಿದ್ದ. 2019ರ ಮೇ ತಿಂಗಳಲ್ಲಿ ನಾನು ಊರಿಗೆ ಹೋದಾಗ ಮಾವ ಅದನ್ನು ಗಾಡ್ರೇಜ್ ಬೀರುವಿನಿಂದ ತೆಗೆದರು. ಪಂಚೆಯ ಮಡಿಕೆಯೊಳಗೆ ಇಟ್ಟಿದ್ದರು. "ನಿನ್ನ ಆ ವೆಬ್‌ಸೈಟಿನ ಒಂದು ಮೂಲೆಗೆ ಇದನ್ನೂ ಹಾಕಕ್ಕಾಗ್ತದಾ ನೋಡು ಮಾರಾಯ. ನಾ ಹೋದಮೇಲೆ ಯಾರೂ ಬೀರು ತೆಗೆಯೂದಿಲ್ಲ."

ಸಿ.ಡಿ. ಹಾಕುವ ಯಂತ್ರ ಹುಡುಕಲು ಒಂದು ದಿನ ಹೋಯಿತು. ಸಿಕ್ಕ ಮೇಲೆ ತೆರೆದು ನೋಡಿದರೆ ನನಗೆ ಖುಷಿಯೋ ಖುಷಿ. 43 ಫೈಲು, ಎಲ್ಲವೂ ಸಾದಾ ಟೆಕ್ಸ್ಟ್! ಪುಟ ಕಟ್ಟುವ ಮೊದಲು ಟೈಪ್ ಮಾಡಿಟ್ಟುಕೊಂಡದ್ದನ್ನೇ ಹುಡುಗ ಹಾಗೇ ಎತ್ತಿ ಕೊಟ್ಟಿದ್ದ. ‘ನೋಡಿ ಮಾವ, ಇದಕ್ಕೇ ನಾನು ಹೇಳೂದು, ಸಾದಾ ಪಠ್ಯ ಸಾಯೂದಿಲ್ಲ’ ಎಂದು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡು ಮೊದಲನೆಯದನ್ನು ತೆರೆದೆ. ಪರದೆಯ ತುಂಬ ಕಂಡದ್ದು ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಒಂದು ಎಸ್, ಚಿಕ್ಕ ಕ್ಯೂ, ಮತ್ತೆ ಅದೇ ಎ. ಇಷ್ಟೂ ಸೇರಿದರೆ ‘ಕನ್ನಡ’ ಎಂಬ ಒಂದು ಪದ. ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಕೋಳಿ ಕಾಲಿಗೆ ಶಾಯಿ ಹಚ್ಚಿ ಓಡಿಸಿದಂಗಿದೆ. ನಾ ಇಷ್ಟು ಕೆಟ್ಟದಾಗಿ ಬರೆದಿದ್ನಾ?"

ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ ಫಾಂಟುಗಳು. ತಲೆಕಟ್ಟು ಒಂದು ಮನೆ, ಒತ್ತು ಇನ್ನೊಂದು ಮನೆ. ಯಾರನ್ನೂ ದೂರುವಂತಿಲ್ಲ, ‘ಬರಹ’, ‘ನುಡಿ’ ತಂತ್ರಾಂಶಗಳೂ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಇಲ್ಲದಿದ್ದರೆ ಆ ವರ್ಷಗಳಲ್ಲಿ ನಮ್ಮಂಥವರು ಕನ್ನಡ ಟೈಪ್ ಮಾಡುತ್ತಲೇ ಇರಲಿಲ್ಲ. ಪ್ರತಿ ಲಿಪಿಗೂ ಸ್ವಂತ ಜಾಗ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ಅದು ನಮ್ಮೂರ ಡಿಟಿಪಿ ಅಂಗಡಿಗೆ ತಲುಪುವ ಹೊತ್ತಿಗೆ ಅಂಗಡಿಯೇ ಮುಚ್ಚಿತ್ತು.

ನನ್ನನ್ನು ಚುಚ್ಚಿದ್ದು ಬೇರೆ. ಫೈಲು ಒಂದು ಬೈಟೂ ಹಾಳಾಗಿರಲಿಲ್ಲ. ಪಂಚೆಯ ಮಡಿಕೆಯಲ್ಲಿ ಹದಿಮೂರು ವರ್ಷ ಕೂತಿದ್ದರೂ ಸಿ.ಡಿ. ಗೀರಿಲ್ಲದೆ ಓದಿತು. ಹೆಸರಿಗೆ ತಕ್ಕ ಹಾಗೆ ಅದು ಟೆಕ್ಸ್ಟೇ. ಆದರೆ ಅದನ್ನು ಅರ್ಥ ಮಾಡಿಸುವ ಕೀಲಿಕೈ ಫೈಲಿನೊಳಗೆ ಇರಲಿಲ್ಲ, ಆ ಅಂಗಡಿಯ ಕಂಪ್ಯೂಟರಿನ ಫಾಂಟಿನಲ್ಲಿ ಉಳಿದುಹೋಗಿತ್ತು. ಫಾಂಟ್ ತಂದು ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ನಿಜ. ಆದರೆ ಹುಡುಕಲು ಬರುವುದಿಲ್ಲ, ಅಮ್ಮನ ಮೊಬೈಲಿನಲ್ಲಿ ಕಾಣುವುದಿಲ್ಲ. ಸಾದಾ ಪಠ್ಯದ ಬಗ್ಗೆ ನಾನು ಹೊಡೆಯಲಿದ್ದ ಭಾಷಣವನ್ನು ನುಂಗಿಕೊಂಡೆ.

ವಷರ್, ಸೂಯರ್, ಧಮರ್

ಪರಿವರ್ತನೆಗೆ ಒಳ್ಳೊಳ್ಳೆಯ ಸಲಕರಣೆಗಳು ಸಿಗುತ್ತವೆ. ನನ್ನ ಕೊಬ್ಬು ನೋಡಿ, ನಾನೇ ಬರೆಯುತ್ತೇನೆ ಎಂದು ಕೂತೆ. ಈ ಗುರುತು ಬಂದರೆ ಈ ಅಕ್ಷರ ಎಂದು ಸಾಲಾಗಿ ಒಂದು ಪಟ್ಟಿ, ಹುಡುಕಿ ಬದಲಿಸುವ ಸೆಡ್ ಎಂಬ ಕಮಾಂಡಿಗೆ. ಮಧ್ಯಾಹ್ನ ಊಟದ ಹೊತ್ತಿಗೆ 43 ಬರಹವೂ ಕನ್ನಡವಾಗಿ ನಿಂತವು. ಮಾವ ಮೊದಲ ಪ್ಯಾರಾ ಗಟ್ಟಿಯಾಗಿ ಓದಿದರು: "ಕನಾರ್ಟಕದ ಮಲೆನಾಡಿನಲ್ಲಿ ಸೂಯರ್ನು..." ಅಲ್ಲಿಗೆ ನಿಂತರು. ಕೆಂಪು ಪೆನ್ನು ಹುಡುಕುವ ಮೇಷ್ಟರ ಮುಖ.

ಇಂಟರ್‌ನೆಟ್ಟಿನಲ್ಲಿ ‘ಕನಾರ್ಟಕ’ವನ್ನು ನೋಡದ ಕನ್ನಡಿಗರಿಲ್ಲ. ಅದು ಹುಟ್ಟುವುದು ಹೀಗೆ. ಹಳೇ ಫಾಂಟಿನಲ್ಲಿ ಕೈಬರಹದ ಕ್ರಮ: ಮೊದಲು ‘ನಾ’ ಬರೆದು ಅದರ ಬಲಕ್ಕೆ ಅರ್ಕಾವತ್ತು. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ರಕಾರ ಮೊದಲು, ಆಮೇಲೆ ‘ನಾ’. ಅರ್ಕಾವತ್ತು ಕಂಡ ಜಾಗದಲ್ಲಿ ಸುಮ್ಮನೆ ‘ರ್’ ಇಟ್ಟರೆ ಅದು ಒಂದು ಮನೆ ಮುಂದಕ್ಕೆ ಜಿಗಿದು ಪಕ್ಕದವನ ಹೆಗಲೇರುತ್ತದೆ. ನಾನು ಮಾಡಿದ್ದು ಅದನ್ನೇ.

ಆಮೇಲಿನ ಮೂರು ಸಂಜೆ ನನ್ನ ನೆನಪಿನಲ್ಲಿ ಚೆನ್ನಾಗಿ ಉಳಿದಿವೆ. ಜಗಲಿಯಲ್ಲಿ ಲ್ಯಾಪ್‌ಟಾಪು, ಪಕ್ಕದಲ್ಲಿ ಮಾವ, ಅವರ ಕವಳದ ಬಟ್ಟಲು. ಗ್ರೆಪ್ ಹಾಕಿ ‘ರ್’ ಇರುವ ಪದಗಳನ್ನೆಲ್ಲ ಹೆಕ್ಕಿ, ಎಷ್ಟು ಸಲ ಬಂದಿದೆ ಎಂದು ಎಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಪಟ್ಟಿ ಪರದೆಯ ಮೇಲೆ. ನಾನು ಓದುವುದು, ಅವರು ತಿದ್ದುವುದು. "ವಷರ್." "ವರ್ಷ." "ಧಮರ್." "ಧರ್ಮ." "ಮಾಗರ್." "ಮಾರ್ಗ. ಮುಂದೆ." ಒಂದೊಂದಕ್ಕೂ ಒಂದೊಂದು ಸೆಡ್ ಸಾಲು. ‘ಅಥರ್’ ಬಂದಾಗ ‘ಅರ್ಥ’ ಎಂದರು, ಬರೆದೆ, ಓಡಿಸಿದೆ. ರಾತ್ರಿ ಊಟಕ್ಕೆ ಕೂತಾಗ ಮಾವ ಮೊಬೈಲಿನಲ್ಲಿ ಓದುತ್ತ ಓದುತ್ತ ತುತ್ತು ಬಿಟ್ಟು ನಗತೊಡಗಿದರು. ವೇದಗಳ ಬಗ್ಗೆ ಬರೆದ ಒಂದು ಬರಹದಲ್ಲಿ ಅಥರ್ವ ವೇದ ಹೋಗಿ ‘ಅರ್ಥವ ವೇದ’ ಆಗಿತ್ತು. ಮೊದಲೇ ತಿದ್ದಿ ಸರಿಮಾಡಿದ್ದ ಪದದ ಹೊಟ್ಟೆಯೊಳಗಿನ ‘ಅಥರ್’ ಅನ್ನೂ ಸೆಡ್ ನಿಯತ್ತಾಗಿ ತಿದ್ದಿತ್ತು. "ಇರ್ಲಿ ಬಿಡು ಮಾರಾಯ, ಹಂಗೂ ಚಂದ ಅದೆ" ಅಂದರು. ಆದರೆ ಬಿಡಲಿಲ್ಲ, ಕೈ ತೊಳೆದು ಬಂದು ತಿದ್ದಿಸಿದರು.

ಇದನ್ನು ಓದುತ್ತಿರುವ ಯಾವನಾದರೂ ಪ್ರೋಗ್ರಾಮರ್ ಇಷ್ಟು ಹೊತ್ತಿಗೆ ಹಲ್ಲು ಕಡಿಯುತ್ತಿರಬೇಕು. ಹೌದು, ಹಳೇ ಫೈಲಿನಲ್ಲಿ ಅರ್ಕಾವತ್ತಿಗೆ ಅದರದ್ದೇ ಗುರುತಿತ್ತು. ಪರಿವರ್ತಿಸುವ ಹೊತ್ತಿಗೇ ಅದನ್ನು ಹಿಂದಿನ ಅಕ್ಷರದ ಹಿಂದಕ್ಕೆ ಎಳೆಯುವ ಒಂದು ನಿಯಮ ಬರೆದಿದ್ದರೆ ಎಲ್ಲ ಒಂದೇಟಿಗೆ ಸರಿಹೋಗುತ್ತಿತ್ತು. ನನಗದು ಹೊಳೆದದ್ದು ಮೂರನೇ ಸಂಜೆ. ಅಷ್ಟರಲ್ಲಿ ಮಾವ ಅರ್ಕಾವತ್ತು ದಾಟಿ ವಾಕ್ಯಗಳಿಗೇ ಕೈ ಹಾಕಿದ್ದರು. ಹದಿನೈದು ವರ್ಷದ ಹಿಂದಿನ ತಮ್ಮ ಗದ್ಯ ಅವರಿಗೆ ಹಿಡಿಸಿರಲಿಲ್ಲ. ಇಡೀ ಇಡೀ ಪ್ಯಾರಾ ಹೊಡೆದುಹಾಕಿಸಿದರು. ಮೊದಲಿಂದ ಓಡಿಸಿದರೆ ಆ ತಿದ್ದುಪಡಿಯೆಲ್ಲ ಹೋಗುತ್ತಿತ್ತು. ಮಾವನಿಗೆ ಹೇಳಲಿಲ್ಲ. ಪಟ್ಟಿ ಮುಂದುವರಿಸಿದೆವು.

ಆ ಮೂರು ಸಂಜೆ ಇನ್ನೊಂದು ತಮಾಷೆಯೂ ನಡೆಯಿತು. ಹೆಚ್ಚಿನ ಟರ್ಮಿನಲ್ಲುಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಅದು ಚೌಕುಳಿ ಹಾಳೆ, ಒಂದು ಮನೆಗೆ ಒಂದು ಅಕ್ಷರ. ನಮ್ಮ ಅಕ್ಷರಗಳೋ ಕೆಳಗೆ ಇಳಿಯುತ್ತವೆ, ಬಲಕ್ಕೆ ಚಾಚುತ್ತವೆ. ನಾನು ಬಳಸುವ ಟರ್ಮಿನಲ್ಲಿನಲ್ಲಿ ‘ಅಜ್ಜಿ’ಯ ಜ ಒತ್ತು ಕೆಳಗಿಳಿಯದೆ ಹಲಂತ ಹೊತ್ತುಕೊಂಡು ಸಾಲಿನಲ್ಲೇ ನಿಲ್ಲುತ್ತದೆ. ನನ್ನ ಕಣ್ಣಿಗೆ ಅದು ರೂಢಿ. ಮಾವ ಮಾತ್ರ ಪ್ರತಿ ಪದಕ್ಕೂ "ಒತ್ತು ಎಲ್ಲಿ ಬಿಟ್ಟೆ?" ಎಂದು ಕೇಳುತ್ತಿದ್ದರು. ಒತ್ತು ಇದೆ ಮಾವ, ಕಾಣ್ತಿಲ್ಲ ಅಷ್ಟೆ ಎಂದರೆ ಮಕ್ಕಳು ಹೋಂವರ್ಕ್ ಮನೆಯಲ್ಲಿದೆ ಅಂದಾಗ ನೋಡುವ ಹಾಗೆ ನೋಡುತ್ತಿದ್ದರು.

ಕಡತ

ಹಾಗಾಗಿ ಒಪ್ಪಿಕೊಂಡುಬಿಡುತ್ತೇನೆ. ಕಮಾಂಡ್ ಲೈನ್ ಬ್ಲಾಗ್ ಎಂದು ಹೇಳಿಕೊಂಡರೂ ಬರೆಯುವುದನ್ನು ನಾನು ಅಲ್ಲಿ ಮಾಡುವುದಿಲ್ಲ. ವಿಮ್‌ನಲ್ಲಿ (ಕಪ್ಪು ಪರದೆಯಲ್ಲೇ ಬರೆಯಲು ಇರುವ ಎಡಿಟರು) ಕೆಲವು ತಿಂಗಳು ಗುದ್ದಾಡಿದೆ. ಕೀಲಿಮಣೆ ಕನ್ನಡದಲ್ಲಿದ್ದಾಗ ಒಂದು ಸಾಲು ಅಳಿಸೋಣವೆಂದು ‘ಡಿ’ ಎರಡು ಸಲ ಒತ್ತಿದರೆ ವಿಮ್‌ಗೆ ಸಿಗುವುದು ‘ದದ’. ಕೆಳಗಿನ ಸಾಲಿಗೆ ಹೋಗಲು ‘ಜೆ’ ಒತ್ತಿದರೆ ‘ಜ’. ಅದಕ್ಕೆ ಅವು ಅರ್ಥವಾಗುವುದಿಲ್ಲ. ಪ್ರತಿಸಲ ಭಾಷೆ ಬದಲಿಸಿ, ಕಮಾಂಡು ಕೊಟ್ಟು, ಮತ್ತೆ ಭಾಷೆ ಬದಲಿಸುವಷ್ಟರಲ್ಲಿ ತಲೆಯಲ್ಲಿದ್ದ ವಾಕ್ಯ ಹಾರಿಹೋಗಿರುತ್ತದೆ. ಈಗ ಕಿಟಕಿಯಿರುವ ಒಂದು ಸಾಧಾರಣ ಎಡಿಟರಿನಲ್ಲಿ, ಒತ್ತಕ್ಷರ ಒತ್ತಾಗಿ ಕಾಣುವ ಕಡೆ ಬರೆಯುತ್ತೇನೆ. ಉಳಿಸಿದ ಮೇಲಿನದೆಲ್ಲ ಕಪ್ಪು ಪರದೆಯ ಕೆಲಸ. ಮಡಿಯವರು ಇದನ್ನು ಮೈಲಿಗೆ ಅನ್ನಬಹುದು. ಅನ್ನಲಿ.

ಅಂದಹಾಗೆ ಫೈಲಿಗೆ ನಾವು ‘ಕಡತ’ ಎನ್ನುತ್ತೇವಲ್ಲ, ಆ ಕಡತ ಏನೆಂದು ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಸರಿ ಬಳಿದು, ಇದ್ದಿಲು ಸೇರಿಸಿ ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬಿಳಿಯಾಗಿ ಬರೆಯುವುದು. ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದಲ್ಲಿ ಲೆಕ್ಕಪತ್ರ, ಆಜ್ಞೆ, ವ್ಯವಹಾರಗಳನ್ನು ಬರೆದಿಟ್ಟ ಇಂಥ ಕಡತಗಳು ಉಳಿದುಬಂದಿವೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಶೃಂಗಾರವಿಲ್ಲ. ನಮ್ಮ ಶ್ಯಾನುಭೋಗರ ಟರ್ಮಿನಲ್ ಎಂದು ಮಾವನಿಗೆ ಹೇಳಿದ್ದಕ್ಕೆ, "ಅದರಲ್ಲಿ ಒತ್ತು ಕಾಣ್ತಿತ್ತು" ಅಂದರು.

ಬೈಟುಗಳ ಕಡೆ ಮಾತ್ರ ನನಗೆ ದೂರಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ತಟ್ಟೆಯ ಅಡಿಗೆ ಹಾಸುವ ಕಾಗದದ ಮೇಲೆ ಯುನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8ರ ನಕ್ಷೆ ಹಾಕಿದರಂತೆ. ಅದರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಮೊದಲ ಬೈಟು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಇಂಗ್ಲಿಷಿನ ಮೂರು ಪಟ್ಟು ಜಾಗ ಎಂದು ಗೊಣಗುವವರಿದ್ದಾರೆ. ಆದರೆ ಇಷ್ಟು ಮರುಕಳಿಸುವುದನ್ನು ಫೈಲು ಕುಗ್ಗಿಸುವ ಜಿಜಿಪ್ ಸಲೀಸಾಗಿ ಹಿಂಡಿ ಹಾಕುತ್ತದೆ. ಅದಕ್ಕಿಂತ ದೊಡ್ಡ ಉಪಕಾರ, ಆ ಮೂರು ಬೈಟುಗಳಲ್ಲಿ ಯಾವುದೂ ಹಳೇ ಆಸ್ಕಿ ಗುರುತಿನ ಜತೆ ಕಲಸಿಹೋಗದಂತೆ ಅವರು ಕಟ್ಟಿದ್ದು. ಅದರಿಂದಾಗಿಯೇ 1970ರ ದಶಕದಲ್ಲಿ ಹುಟ್ಟಿದ ಕ್ಯಾಟ್, ಸೆಡ್, ಗ್ರೆಪ್ ಮುಂತಾದವು ಕನ್ನಡವನ್ನು ಕೆಡಿಸದೆ ಸಾಗಿಸುತ್ತವೆ, ಒಳಗೇನು ಬರೆದಿದೆ ಎಂದು ಗೊತ್ತಿಲ್ಲದೆ ಮನೆಮನೆಗೆ ಲಕೋಟೆ ಮುಟ್ಟಿಸುವ ಅಂಚೆಯಣ್ಣನ ಹಾಗೆ. ಟಿಆರ್‌ ಕೂಡ ಅವರ ಜತೆಯವನೇ. ಆದರೆ ಗೊತ್ತಿಲ್ಲದ್ದನ್ನು ಎಸೆ ಎಂದು ಅವನಿಗೆ ಹೇಳಿಕೊಟ್ಟವನು ನಾನು.

ನಾನು ಈ ದಾರಿಯನ್ನು ಬಿಡದೆ ಇರುವುದು ಇದಕ್ಕೇ ಇರಬೇಕು. ಸರಳ ಎಂದಲ್ಲ, ಕನ್ನಡದವನಿಗೆ ಇದು ಸರಳವಲ್ಲ. ಎಲ್ಲಿ ಕೆಟ್ಟಿತು ಎಂಬುದು ಕಾಣುತ್ತದೆ. ಅಜ್ಜಿ ಕಳೆದುಹೋದ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಲ್ಲೆ, ಇದೇ ಇಪ್ಪತ್ತೇಳನೇ ಸಾಲು ಎಂದು. ಹಿಂದೆ ನಾನಿದ್ದ ತಾಣದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಪ್ಯಾರಾಗಳೆಲ್ಲ ಕೂಡಿಕೊಂಡು ಒಂದೇ ಉಂಡೆಯಾಗಿದ್ದವು. ಯಾಕೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಇದರಲ್ಲೊಂದು ಚಟವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ವರ್ಷದ ಕೊನೆಗೆ, ಮಾಡಿದ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನ ದಾಖಲೆ ತೆಗೆದು ನೋಡಿದೆ: ಬರಹ ಹನ್ನೊಂದು, ಸ್ಕ್ರಿಪ್ಟಿಗೆ ಮಾಡಿದ ತಿದ್ದುಪಡಿ ಅರವತ್ತಮೂರು. ದಿನಾಂಕವನ್ನು ‘ಜುಲೈ’ ಬದಲು ‘ಆಷಾಢ’ ಎಂದು ತೋರಿಸಲು ಒಂದು ಇಡೀ ಭಾನುವಾರ ಕಳೆದಿದ್ದೇನೆ. ಅಧಿಕಮಾಸ ಬಂದಾಗ ಅದು ಮುರಿದುಬಿತ್ತು, ಕಿತ್ತುಹಾಕಿದೆ. ಹೊಲ ಉಳುವ ಮೊದಲು ನೊಗಕ್ಕೆ ಕೆತ್ತನೆ ಮಾಡಿಸುತ್ತ ಕೂತ ಹಾಗೆ. ಬರೆಯಲು ಏನೂ ತೋಚದ ದಿನ ಸ್ಕ್ರಿಪ್ಟ್ ತೆರೆಯುತ್ತೇನೆ, ಇದು ಗೊತ್ತಿದ್ದೂ. ಈಗ ಸ್ವಲ್ಪ ಕಡಿಮೆಯಾಗಿದೆ. ವಯಸ್ಸೋ, ಸ್ಕ್ರಿಪ್ಟಿನಲ್ಲಿ ತಿದ್ದಲು ಉಳಿದಿಲ್ಲವೋ.

ಮಾವನ 43 ಬರಹಗಳು ಬ್ಲಾಗಿನ ಒಂದು ಮೂಲೆಯಲ್ಲಿವೆ. ಚಿತ್ರವಿಲ್ಲ, ಅಲಂಕಾರವಿಲ್ಲ. ಗುಡ್ಡದ ಬುಡದ ಅವರ ಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಪುಟ ತೆರೆದುಕೊಳ್ಳುತ್ತದೆ. ಹಿಂದಿನ ವಾರ ಬೆಳಿಗ್ಗೆ ಆರಕ್ಕೇ ಫೋನ್.

"ಹದಿನೇಳನೇದರಲ್ಲಿ ‘ಮಮರ್’ ಅಂತ ಒಂದು ಉಳಿದಿದೆ ನೋಡು. ಮರ್ಮ ಆಗ್ಬೇಕು."

ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದೆ. ಪಟ್ಟಿಗೆ ಒಂದು ಸಾಲು ಸೇರಿಸಿ, ಸ್ಕ್ರಿಪ್ಟ್ ಓಡಿಸಿ, ಸರ್ವರಿಗೆ ಕಳಿಸಿದೆ. ಫೋನ್ ಇನ್ನೂ ಕಿವಿಯಲ್ಲೇ ಇತ್ತು.

"ಆಯ್ತು ಮಾವ, ನೋಡಿ."

"ಎಲ್ಲಿ? ನನ್ನಲ್ಲಿ ಹಂಗೇ ಅದೆ."

"ನಿಮ್ಮ ಮೊಬೈಲು ಹಳೇದನ್ನೇ ಇಟ್ಕೊಂಡಿರ್ತದೆ. ಒಂದ್ಸಲ ರೀಫ್ರೆಶ್ ಮಾಡಿ."

"ಅದು ಎಲ್ಲಿರ್ತದೆ?"

"ಮೇಲ್ಗಡೆ, ದುಂಡಗೆ ತಿರುಗೋ ಬಾಣದ ಗುರುತು."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕೋಳಿ ಕೂಗುತ್ತಿತ್ತು.

"ಹಾಂ, ಬಂತು. ಇರು, ಇಡಬೇಡ. ಅದರ ಕೆಳಗಿನ ಸಾಲು ಓದ್ತೇನೆ, ಅದೂ ಸರಿಯಿಲ್ಲ."